ಎರಡು ಹನಿಯ ಹಿಂದೆ ಎರಡು ದೇಶ

ಕಳೆದ ವಾರ ಒಬ್ಬ ಅಜ್ಜಿ ಒಂದೂವರೆ ವರ್ಷದ ಮೊಮ್ಮಗನನ್ನು ಎತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ನೆಗಡಿಗೆ ಔಷಧಿ ಬರೆದುಕೊಟ್ಟ ಮೇಲೆ, "ಪೋಲಿಯೋ ಬೂಸ್ಟರ್ ಹನಿ ಹಾಕಿಸಿದಿರಾ ಅಮ್ಮಾ?" ಎಂದು ಕೇಳಿದೆ. ಅವರು ಹುಬ್ಬೇರಿಸಿದರು. "ಪೋಲಿಯೋ ನಮ್ಮ ದೇಶ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತಂತಲ್ಲ ಡಾಕ್ಟ್ರೇ. ಇಲ್ಲದ ಕಾಯಿಲೆಗೆ ಮದ್ದು ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಮ್ಮ ದೇಶದ ಗಡಿಯಾಚೆ ಇದೆ. ಆ ಹನಿ ಹುಟ್ಟಿದ ಕಥೆಯೂ ಗಡಿ ದಾಟಿದ ಕಥೆಯೇ.

ರೋಗ ಎಂಥದು?

ಪೋಲಿಯೋ ರೋಗಾಣು ಕಲುಷಿತ ನೀರು, ಆಹಾರ, ತೊಳೆಯದ ಕೈಗಳ ಮೂಲಕ ಬಾಯಿ ಸೇರಿ ಕರುಳಿನಲ್ಲಿ ವೃದ್ಧಿಯಾಗುತ್ತದೆ. ಮಲದ ಮೂಲಕ ಹೊರಬಂದು ಇನ್ನೊಬ್ಬರನ್ನು ಸೇರುತ್ತದೆ. ಸೋಂಕು ತಗುಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ಅಥವಾ ಸಣ್ಣ ಜ್ವರ ಬಂದು ಹೋಗುತ್ತದೆ. ಆದರೆ ಸುಮಾರು 200ರಲ್ಲಿ ಒಬ್ಬರಿಗೆ ರೋಗಾಣು ಬೆನ್ನುಹುರಿಯ ನರಕೋಶಗಳನ್ನು ಕೊಂದು, ಕಾಲು ಅಥವಾ ಕೈಯ ಬಲವನ್ನು ಶಾಶ್ವತವಾಗಿ ಕಸಿಯುತ್ತದೆ. ಸತ್ತ ನರಕೋಶವನ್ನು ಬದುಕಿಸುವ ಔಷಧಿ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ.

ಇನ್ನೊಂದು ಮಾತನ್ನು ಗಮನಿಸಿ. ಒಂದು ಮಗುವಿನ ಕಾಲು ಸೋತಿದೆ ಎಂದರೆ, ಅದರ ಸುತ್ತ ನೂರಾರು ಮಕ್ಕಳ ಕರುಳಿನಲ್ಲಿ ಅದೇ ರೋಗಾಣು ಸದ್ದಿಲ್ಲದೆ ಓಡಾಡುತ್ತಿದೆ ಎಂದೇ ಅರ್ಥ. ಇಂಥ ರೋಗಾಣು ರೈಲು ಹತ್ತಿದರೆ ಗೊತ್ತಾಗುವುದಿಲ್ಲ, ಗಡಿ ದಾಟಿದರೂ ಗೊತ್ತಾಗುವುದಿಲ್ಲ.

ಮಾತುಕತೆಯಿಲ್ಲದ ನೆರೆಯವರು

ಅಮೆರಿಕದಲ್ಲಿ 1955ರಲ್ಲಿ ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದು ಬಂತು. ಅದರಲ್ಲಿದ್ದದ್ದು ಸತ್ತ ರೋಗಾಣು. ಅದು ನರಗಳನ್ನು ಚೆನ್ನಾಗಿ ಕಾಯುತ್ತಿತ್ತು. ಕರುಳಿನಲ್ಲಿ ರೋಗಾಣು ಬೆಳೆಯುವುದನ್ನು ಮಾತ್ರ ಅಷ್ಟಾಗಿ ತಡೆಯುತ್ತಿರಲಿಲ್ಲ. ಸಿನ್ಸಿನಾಟಿಯ ಆಲ್ಬರ್ಟ್ ಸೇಬಿನ್ ಬೇರೆ ದಾರಿ ಹಿಡಿದರು. ಜೀವಂತ ರೋಗಾಣುವನ್ನೇ ಪಳಗಿಸಿ, ದುರ್ಬಲಗೊಳಿಸಿ, ಬಾಯಿಯ ಮೂಲಕ ಕೊಟ್ಟರೆ ಕರುಳಿನಲ್ಲೇ ಕಾವಲು ಕೂರುತ್ತದೆ ಎಂಬುದು ಅವರ ತರ್ಕ. ಸೂಜಿ ಬೇಡ, ಖರ್ಚು ಕಡಿಮೆ. ಆದರೆ ಅಮೆರಿಕದ ಲಕ್ಷಾಂತರ ಮಕ್ಕಳು ಆಗಲೇ ಸಾಲ್ಕ್ ಚುಚ್ಚುಮದ್ದು ಪಡೆದಿದ್ದರು. ಹೊಸ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವುದು ಎಲ್ಲಿ?

ಆಗ ಸೋವಿಯತ್ ಒಕ್ಕೂಟದಲ್ಲೂ ಪೋಲಿಯೋ ಏರುತ್ತಿತ್ತು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಬಹಳ ದೂರದ ದೇಶಗಳೆಂದು ನಮಗೆ ತೋರುತ್ತದೆ. ಆದರೆ ಬೇರಿಂಗ್ ಜಲಸಂಧಿಯಲ್ಲಿ ಇಬ್ಬರ ಒಂದೊಂದು ದ್ವೀಪ ನಾಲ್ಕು ಕಿಲೋಮೀಟರಿಗೂ ಕಡಿಮೆ ಅಂತರದಲ್ಲಿ ಎದುರುಬದುರಾಗಿದ್ದವು. ನೆರೆಯವರೇ, ಆದರೆ ಅಣುಬಾಂಬು ಹಿಡಿದು ಕೂತ ನೆರೆಯವರು.

1956ರ ಜನವರಿಯಲ್ಲಿ ಸೋವಿಯತ್ ವೈದ್ಯ ವಿಜ್ಞಾನಿಗಳಾದ ಮಿಖಾಯಿಲ್ ಚುಮಕೋವ್, ಅವರ ಪತ್ನಿ ಮರೀನಾ ವೊರೊಶಿಲೋವಾ ಮತ್ತು ಅನತೋಲಿ ಸ್ಮೊರೊದಿಂತ್ಸೆವ್ ಅಮೆರಿಕಕ್ಕೆ ಬಂದರು. ಅದೇ ವರ್ಷ ಸೇಬಿನ್ ಲೆನಿನ್‌ಗ್ರಾಡ್, ಮಾಸ್ಕೋಗಳಿಗೆ ಹೋದರು. ಆಮೇಲೆ ತಮ್ಮ ದುರ್ಬಲ ರೋಗಾಣುವಿನ ತಳಿಗಳನ್ನು ಅವರಿಗೆ ಕಳುಹಿಸಿಕೊಟ್ಟರು. ಅದಕ್ಕೆ ಅವರು ಪೇಟೆಂಟ್ ಪಡೆಯಲೇ ಇಲ್ಲ.

ಚುಮಕೋವ್ ಅವರಿಗೆ ಈ ರೋಗದ ಸಂಕಟ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. 1937ರಲ್ಲಿ ಸೈಬೀರಿಯಾದಾಚೆಯ ಕಾಡಿನಲ್ಲಿ ಉಣ್ಣೆಯಿಂದ ಹರಡುವ ಮೆದುಳುಜ್ವರದ ಸಂಶೋಧನೆ ಮಾಡುವಾಗ ಅದೇ ರೋಗ ತಗುಲಿ, ಅವರ ಬಲಗೈ ಸೋತಿತ್ತು, ಕಿವಿ ಮಂದವಾಗಿತ್ತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ರೋಗಾಣು ಅದರ ಹತ್ತಿರದ ಸಂಬಂಧಿಯೇ. ಈ ದಂಪತಿಗಳು ಪೋಲಿಯೋ ಲಸಿಕೆಯನ್ನು ಮೊದಲು ತಾವು ತೆಗೆದುಕೊಂಡು, ತಮ್ಮ ಗಂಡುಮಕ್ಕಳಿಗೂ ಕೊಟ್ಟರು. 1959ರಲ್ಲಿ ಸಾಮೂಹಿಕವಾಗಿ ಕೊಡುವ ಕೆಲಸ ಆರಂಭವಾಯಿತು. ಮಕ್ಕಳು ಮುಖ ಸಿಂಡರಿಸದಿರಲಿ ಎಂದು ಲಸಿಕೆಯನ್ನು ಸಕ್ಕರೆ ಮಿಠಾಯಿಯ ರೂಪದಲ್ಲೂ ಕೊಟ್ಟರು. 1960ರ ಕೊನೆಯ ಹೊತ್ತಿಗೆ 7 ಕೋಟಿಗೂ ಹೆಚ್ಚು ಜನ ಲಸಿಕೆ ಪಡೆದಿದ್ದರು.

ಸೋವಿಯತ್ ಲೆಕ್ಕವನ್ನು ನಂಬುವುದು ಹೇಗೆ ಎಂಬ ಅನುಮಾನ ಅಮೆರಿಕದಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಯೇಲ್ ವಿಶ್ವವಿದ್ಯಾಲಯದ ವೈದ್ಯೆ ಡೊರೊಥಿ ಹೋರ್ಸ್ಟ್‌ಮನ್ 1959ರಲ್ಲಿ ಅಲ್ಲಿಗೇ ಹೋಗಿ ನೋಡಿದರು. ಕೆಲಸ ಎಚ್ಚರಿಕೆಯಿಂದ ನಡೆದಿದೆ ಎಂದರು. 1961ರಿಂದ ಅಮೆರಿಕದಲ್ಲೂ ಈ ಲಸಿಕೆಗೆ ಪರವಾನಗಿ ಸಿಗತೊಡಗಿತು.

ಜಪಾನಿನ ತಾಯಂದಿರು

1960ರಲ್ಲಿ ಜಪಾನಿನಲ್ಲಿ 5,000ಕ್ಕೂ ಹೆಚ್ಚು ಮಂದಿಗೆ ಪೋಲಿಯೋ ತಗುಲಿತು. ಪಕ್ಕದ ಸೋವಿಯತ್ ಒಕ್ಕೂಟದ ಜೊತೆ ಎರಡನೇ ಮಹಾಯುದ್ಧದ ಶಾಂತಿ ಒಪ್ಪಂದವೇ ಆಗಿರಲಿಲ್ಲ. ಆದರೂ ತಾಯಂದಿರು ಬೀದಿಗಿಳಿದು ಆ ಲಸಿಕೆ ತರಿಸಿರೆಂದು ಒತ್ತಾಯಿಸಿದರು. 1961ರಲ್ಲಿ ಸರ್ಕಾರ ಮಣಿಯಿತು. ಸೋವಿಯತ್ ಒಕ್ಕೂಟ ಮತ್ತು ಕೆನಡಾದಿಂದ 1.3 ಕೋಟಿ ಡೋಸ್ ಬಂತು; ರೋಗ ಬೇಗನೆ ಇಳಿಯಿತು. ನಮ್ಮಲ್ಲಿಗೂ ಈ ಜ್ಞಾನ ಬಂದಿದೆ. 1989ರಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್‌ನಲ್ಲಿ ಸ್ಥಾಪಿಸಿದ ಪೋಲಿಯೋ ಲಸಿಕೆಯ ಸರ್ಕಾರಿ ಕಾರ್ಖಾನೆಗೆ ತಂತ್ರಜ್ಞಾನ ಕೊಟ್ಟದ್ದು ಸೋವಿಯತ್ ಒಕ್ಕೂಟವೇ.

ನಮ್ಮ ನೆರೆ, ನಮ್ಮ ಹೊಣೆ

2009ರಲ್ಲಿ ಭಾರತದಲ್ಲಿ 741 ಮಂದಿಗೆ ಪೋಲಿಯೋ ಬಂದಿತ್ತು. ಅದು ಆ ವರ್ಷದ ಅತಿ ದೊಡ್ಡ ಸಂಖ್ಯೆ. ಮರುವರ್ಷ ಮಧ್ಯ ಏಷ್ಯಾದ ತಜಿಕಿಸ್ತಾನದಲ್ಲಿ 450ಕ್ಕೂ ಹೆಚ್ಚು ಜನರಿಗೆ ಅಂಗ ಸೋತಿತು. ಪರೀಕ್ಷಿಸಿದಾಗ ಆ ರೋಗಾಣು ನಮ್ಮ ಉತ್ತರ ಪ್ರದೇಶದ ಮೂಲದ್ದು! ರೋಗ ಹೊರಗಿನಿಂದ ಬರುತ್ತದೆ ಎನ್ನುವ ನಾವೇ ಬೇರೆಯವರಿಗೆ ಅದನ್ನು ದಾಟಿಸಿದ್ದೆವು. 2011ರಲ್ಲಿ, ಸುಮಾರು ಒಂದು ದಶಕ ಪೋಲಿಯೋ ಇಲ್ಲದಿದ್ದ ಚೀನಾದ ಶಿಂಜಿಯಾಂಗ್ ಪ್ರಾಂತ್ಯಕ್ಕೆ ಪಾಕಿಸ್ತಾನದಿಂದ ರೋಗಾಣು ಬಂತು.

ನಮ್ಮಲ್ಲಿ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ, 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಪೋಲಿಯೋಮುಕ್ತ ಪ್ರಮಾಣಪತ್ರ ಸಿಕ್ಕಿತು. ಆದರೆ ಪಕ್ಕದ ಪಾಕಿಸ್ತಾನದಲ್ಲಿ 2024ರಲ್ಲಿ 70ಕ್ಕೂ ಹೆಚ್ಚು ಮಕ್ಕಳಿಗೆ ಪೋಲಿಯೋ ಬಂದಿದೆ. ಆಫ್ಘಾನಿಸ್ತಾನದಲ್ಲೂ ರೋಗಾಣು ಹೋಗಿಲ್ಲ. ಪಕ್ಕದ ಮನೆಯಲ್ಲಿ ಬೆಂಕಿಯಿರುವಾಗ ನಮ್ಮ ಬಾವಿಯ ಹಗ್ಗ ಬಿಚ್ಚಿಡುವುದು ಜಾಣತನವಲ್ಲ.

ಹೆತ್ತವರು ನೆನಪಿಡಬೇಕಾದದ್ದು

* ಪೋಲಿಯೋ ಹನಿ ಹುಟ್ಟಿದ ಕೂಡಲೇ, ನಂತರ 6, 10, 14ನೇ ವಾರಗಳಲ್ಲಿ, ಬೂಸ್ಟರ್ 16ರಿಂದ 24 ತಿಂಗಳೊಳಗೆ.

* 6ನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ ತೋಳಿಗೆ ಪೋಲಿಯೋ ಚುಚ್ಚುಮದ್ದು. ಲಸಿಕೆ ಪಡೆದವರು ಕಡಿಮೆಯಿರುವ ಕಡೆ ಹನಿಯಲ್ಲಿನ ದುರ್ಬಲ ರೋಗಾಣು ಅಪರೂಪಕ್ಕೆ ಮತ್ತೆ ಬಲ ಪಡೆಯುವುದುಂಟು. ಆದ್ದರಿಂದಲೇ ಹನಿ, ಸೂಜಿ ಎರಡೂ ಬೇಕು.

* ಪಲ್ಸ್ ಪೋಲಿಯೋ ದಿನ, ಹಿಂದೆ ಎಷ್ಟು ಸಲ ಹಾಕಿಸಿದ್ದರೂ 5 ವರ್ಷದೊಳಗಿನ ಮಗುವಿಗೆ ಮತ್ತೆ ಹಾಕಿಸಿ. ನೆಗಡಿ, ಸಣ್ಣ ಜ್ವರ, ಭೇದಿ ಅಡ್ಡಿಯಲ್ಲ. ಎದೆಹಾಲು ನಿಲ್ಲಿಸಬೇಕಿಲ್ಲ.

* 15 ವರ್ಷದೊಳಗಿನ ಯಾವ ಮಗುವಿನ ಕೈಯಾಗಲಿ ಕಾಲಾಗಲಿ ಏಕಾಏಕಿ ಬಲ ಕಳೆದುಕೊಂಡರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಅದು ಪೋಲಿಯೋ ಹೌದೋ ಅಲ್ಲವೋ ಎಂಬುದು ಮಲದ ಪರೀಕ್ಷೆಯಿಂದ ತಿಳಿಯುತ್ತದೆ.

ಇಷ್ಟನ್ನೂ ಅಜ್ಜಿಗೆ ಹೇಳಲು ನನಗೆ ಪುರುಸೊತ್ತು ಇರಲಿಲ್ಲ. ಹೊರಗೆ ರೋಗಿಗಳು ಕಾಯುತ್ತಿದ್ದರು. "ಆಗದವರಿಬ್ಬರು ಸೇರಿ ಮಾಡಿದ ಮದ್ದು ಅಮ್ಮಾ, ಬಿಡಬೇಡಿ" ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಂಗಾದ್ರೆ ಗಟ್ಟಿ ಮದ್ದೇ ಇರ್ಬೇಕು" ಎಂದು ನಕ್ಕು, ಮಗುವಿನ ತಾಯಿ ಕಾರ್ಡನ್ನು ಕೈಚೀಲದಿಂದ ಹೊರತೆಗೆದರು.