ಎರಡು ತಿಂಗಳ ಗಡುವು, ಜೀವಮಾನದ ನಿರ್ಧಾರ

ಉಡುಪಿಯ ಕೃಷ್ಣನನ್ನು ದೇವಕೀನಂದನನೆಂದೂ ಯಶೋದಾನಂದನನೆಂದೂ ಕರೆಯಲು ಭಕ್ತರಿಗೆ ಅಡ್ಡಿಯಿಲ್ಲ. ಆದರೆ ದತ್ತಕದ ಕಾನೂನಿಗೆ ಈ ಔದಾರ್ಯವಿಲ್ಲ. ಅದರ ದೃಷ್ಟಿಯಲ್ಲಿ ಮಗುವಿಗೆ ಒಂದೇ ಮನೆ.

ಕಾರ್ಕಳ, ಕಾಪು ಕಡೆಯ ಕುಟುಂಬಗಳಲ್ಲಿ ಮಕ್ಕಳಿಲ್ಲದ ಬಂಧುಗಳಿಗೆ ಮಗುವನ್ನು ಕೊಡುವುದು ಹೊಸತೇನಲ್ಲ. ಅಳಿಯಸಂತಾನ ಕಟ್ಟಿನಲ್ಲಿ ವಂಶ ಮುಂದುವರಿಯುವುದು ಹೆಣ್ಣಿನ ಮೂಲಕವಾದ್ದರಿಂದ, ಕವರು ನಿಂತುಹೋಗದಿರಲೆಂದು ಹೆಣ್ಣುಮಗುವನ್ನು ದತ್ತು ಪಡೆಯುವ ವಾಡಿಕೆಯೂ ಇತ್ತು. ಹಬ್ಬಹರಿದಿನಗಳಲ್ಲಿ ಮಗುವಿನ ಮುಖ ಕಾಣುವ ಹೆತ್ತವಳಿಗೆ ಸಂಬಂಧ ಕಡಿದುಹೋಗಿದೆ ಎಂದೆನಿಸುವುದೇ ಇಲ್ಲ.

ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 12ನೇ ಕಲಮು ಸ್ಪಷ್ಟವಾಗಿದೆ. ದತ್ತಕದ ದಿನದಿಂದ ಹುಟ್ಟಿದ ಮನೆಯ ಎಲ್ಲ ಸಂಬಂಧಗಳೂ ಕಾನೂನಿನಲ್ಲಿ ಕೊನೆಗೊಳ್ಳುತ್ತವೆ. ಮದುವೆಗೆ ನಿಷಿದ್ಧವಾದ ರಕ್ತಸಂಬಂಧದ ನಿಯಮ ಹಾಗೂ ಅದಕ್ಕೆ ಮೊದಲೇ ಮಗುವಿಗೆ ಸೇರಿದ್ದ ಆಸ್ತಿಯ ಹಕ್ಕು ಮಾತ್ರ ಉಳಿಯುತ್ತವೆ. ಮಗುವಿನ ಶಾಲೆ, ಚಿಕಿತ್ಸೆ, ಪಾಸ್‌ಪೋರ್ಟ್ ಯಾವುದರಲ್ಲಿಯೂ ಹೆತ್ತವರ ಮಾತಿಗೆ ಕಾನೂನಿನ ಬೆಲೆಯಿಲ್ಲ. ಮುಂದೆ ಆ ಮಗನ ಆಸ್ತಿಗೆ ಅವರು ವಾರಸುದಾರರೂ ಅಲ್ಲ. ಸಿಂಧುವಾದ ದತ್ತಕವನ್ನು ರದ್ದುಪಡಿಸಲಾಗದು ಎನ್ನುತ್ತದೆ 15ನೇ ಕಲಮು.

ಇಷ್ಟು ಪೂರ್ಣವಾದ ಬೇರ್ಪಡಿಕೆಗೆ ಮುನ್ನ ಪಡೆಯುವ ಸಮ್ಮತಿ ನಿಜವಾದುದೇ ಎಂಬುದೇ ಮುಖ್ಯ ಪ್ರಶ್ನೆ. ತಂದೆ ಬದುಕಿರುವಾಗ ಮಗುವನ್ನು ಕೊಡುವ ಅಧಿಕಾರ ಸಾಮಾನ್ಯವಾಗಿ ಅವನದೇ ಆಗಿತ್ತು. ತಾಯಿಯದು ಸಮ್ಮತಿ ಮಾತ್ರ. 2010ರ ತಿದ್ದುಪಡಿಯಿಂದ ಅವಳಿಗೂ ಸಮಾನ ಹಕ್ಕು ದೊರೆಯಿತು.

ಬಡತನದಿಂದಲೋ ಲೋಕಾಪವಾದದ ಭಯದಿಂದಲೋ ಮಗುವನ್ನು ಒಪ್ಪಿಸುವ ತಾಯಿಗೆ 2015ರ ಬಾಲನ್ಯಾಯ ಕಾಯ್ದೆ ಬೇರೆ ದಾರಿ ತೋರಿಸಿದೆ. ಅವಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಮಿತಿ ವಿಚಾರಣೆ ನಡೆಸಿ, ಆಪ್ತಸಮಾಲೋಚನೆ ಒದಗಿಸಿ, ಆ ಬಳಿಕವಷ್ಟೇ ಒಪ್ಪಿಗೆ ಪತ್ರ ಪಡೆಯಬೇಕು. ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಕಾಲಾವಕಾಶವಿದೆ. ಅನಂತರವೇ ಮಗು ದತ್ತಕಕ್ಕೆ ಮುಕ್ತ. ಅಂತಿಮ ಆದೇಶವನ್ನು ಮೊದಲು ನ್ಯಾಯಾಲಯ ನೀಡುತ್ತಿತ್ತು; 2022ರ ಸೆಪ್ಟೆಂಬರ್‌ನಿಂದ ಆ ಹೊಣೆ ಜಿಲ್ಲಾಧಿಕಾರಿಯದು. ಉಡುಪಿ ಜಿಲ್ಲೆಯ ಮಟ್ಟಿಗೆ ಅದು ಮಣಿಪಾಲದ ರಜತಾದ್ರಿ.

ಈ ಎರಡೂ ದಾರಿಗಳನ್ನು ಬಿಟ್ಟು ಛಾಪಾ ಕಾಗದದ ಮೇಲೆ ಮಗುವನ್ನು ಹಸ್ತಾಂತರಿಸುವವರಿದ್ದಾರೆ. ಹುಟ್ಟುವ ಮೊದಲೇ ಮಗುವನ್ನು ದತ್ತು ಕೊಡುವ ಒಪ್ಪಂದ ಕಾನೂನಿಗೆ ತಿಳಿಯದ ಸಂಗತಿ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ಇಂಥ ಕಾಗದದಿಂದ ಸಾಕುವವರಿಗೆ ಭದ್ರತೆಯಿಲ್ಲ. ತಾಯಿಗೆ ಸಮಾಲೋಚನೆಯಿಲ್ಲ, ಎರಡು ತಿಂಗಳೂ ಇಲ್ಲ. ಕಾನೂನಿನ ಪ್ರಕಾರ ಅವಳು ಹಕ್ಕನ್ನು ಕಳೆದುಕೊಂಡಿಲ್ಲ, ಕಳೆದುಕೊಂಡಿರುವುದು ಮಗುವನ್ನು.

ಬೇರೆ ಆಯ್ಕೆ ಇದ್ದವರು ಮಾಡಿಕೊಂಡ ಒಪ್ಪಂದವನ್ನಷ್ಟೇ ಸ್ವಇಚ್ಛೆಯದು ಎನ್ನಬಹುದೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ನಂಬಿದ್ದೇನೆ. ಮಿಷನ್ ವಾತ್ಸಲ್ಯ ಯೋಜನೆಯಡಿ ವಿಧವೆಯರ, ಪರಿತ್ಯಕ್ತೆಯರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವ ಸಿಗಲು ಅವಕಾಶವಿದೆ. ಈ ಸಂಗತಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ತಾಯಿಯ ಕಿವಿಗೆ ಬೀಳಬೇಕು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಹೆರಿಗೆಗೆ ಮೊದಲೇ ಇದನ್ನು ತಿಳಿಸುವಂತಾದರೆ ಖಜಾನೆಗೆ ಹೊಸ ಹೊರೆಯೇನೂ ಬೀಳದು.

ದತ್ತಕ ಪುಣ್ಯಕಾರ್ಯ, ಸಂಶಯವಿಲ್ಲ. ಅನಾಥ ಮಗುವಿಗೆ ಅದು ಮನೆಯನ್ನು ಕೊಡುತ್ತದೆ. ಆದರೆ ತಾಯಿಯಿದ್ದೂ ಬಡತನದ ಕಾರಣಕ್ಕೇ ಮಗುವನ್ನು ಅನಾಥವಾಗಿಸಿ ಮತ್ತೊಂದು ಮನೆ ಹುಡುಕುವುದು ಪುಣ್ಯವಲ್ಲ. ಅದು ಆಡಳಿತದ ಸೋಲು.