ಹದಿನಾರು ಲಕ್ಷ ಕೋಟಿ ಕೋಟಿಯ ಎದುರು 1,676 ಮಂದಿ

15,89,62,55,52,17,82,63,60,000.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ ಎನಿಗ್ಮಾ ಎಂಬ ಗೂಢಲಿಪಿ ಯಂತ್ರವನ್ನು ಇಷ್ಟು ಬಗೆಯಲ್ಲಿ ಹೊಂದಿಸಬಹುದಿತ್ತು. ಬಾಯಿಬಿಟ್ಟು ಹೇಳುವುದಾದರೆ ಹೆಚ್ಚುಕಡಿಮೆ ಹದಿನಾರು ಲಕ್ಷ ಕೋಟಿ ಕೋಟಿ. ಸೆಕೆಂಡಿಗೊಂದರಂತೆ ಪರೀಕ್ಷಿಸುತ್ತ ಕೂತರೆ ಐದು ಲಕ್ಷ ಕೋಟಿ ವರ್ಷ ಹಿಡಿಯುತ್ತದೆ. ಈ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಅಂಥ 365 ವಿಶ್ವಗಳು ಒಂದರ ಹಿಂದೊಂದು ಹುಟ್ಟಿ ಇಷ್ಟೇ ವಯಸ್ಸಾಗುವಷ್ಟು ಕಾಲ! ಬ್ರಿಟಿಷರಿಗೆ ಇದ್ದದ್ದು ಒಂದೇ ದಿನ. ನಡುರಾತ್ರಿ ಜರ್ಮನ್ನರು ಹೊಂದಾಣಿಕೆ ಬದಲಿಸಿದರೆ ಮತ್ತೆ ಮೊದಲಿಂದ ಶುರು.

ಬ್ರಿಟಿಷ್ ಗಣಿತಜ್ಞರಾದ ಅಲನ್ ಟ್ಯೂರಿಂಗ್ ಮತ್ತು ಗಾರ್ಡನ್ ವೆಲ್ಷ್‌ಮನ್ ಈ ಬೆಟ್ಟವನ್ನು ಕಡಿಯಲಿಲ್ಲ, ಬಳಸಿಕೊಂಡು ಹೋದರು. ಸಂದೇಶದ ಒಂದು ತುಣುಕನ್ನು ಊಹಿಸಿದರೆ ಸಾಕು, ಯಂತ್ರದ ಮುಂಭಾಗದ ತಂತಿ ಜೋಡಣೆಯಿಂದ ಬರುವ ಸಾಧ್ಯತೆಗಳೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತವೆ. ಉಳಿಯುವುದು ಯಂತ್ರದೊಳಗಿನ ಚಕ್ರಗಳ 60 ಕ್ರಮ, ಪ್ರತಿ ಕ್ರಮಕ್ಕೆ 17,576 ಸ್ಥಾನ: ಒಟ್ಟು 10,54,560. ಜರ್ಮನ್ ನೌಕಾಪಡೆಯ ಎನಿಗ್ಮಾದಲ್ಲಿ ಎಂಟು ಚಕ್ರಗಳಿಂದ ಮೂರನ್ನು ಆರಿಸುತ್ತಿದ್ದರಾದ್ದರಿಂದ ಅದು 59 ಲಕ್ಷ ದಾಟುತ್ತಿತ್ತು. ಇಷ್ಟನ್ನು ಇನ್ನೊಂದು ಯಂತ್ರ ಹುಡುಕಬಲ್ಲದು. ಆದರೆ ಆ ಯಂತ್ರವನ್ನು ನಡೆಸುವವರು ಯಾರು?

ಬ್ರಿಟಿಷ್ ನೌಕಾಪಡೆಯ ಮಹಿಳಾ ದಳದವರು, ಎಲ್ಲರ ಬಾಯಲ್ಲಿ 'ರೆನ್'ಗಳು. 1917ರಲ್ಲಿ ಹುಟ್ಟಿ, 1919ರಲ್ಲಿ ವಿಸರ್ಜನೆಯಾಗಿದ್ದ ದಳ ಅದು. 1939ರಲ್ಲಿ ವೆರಾ ಲಾಟನ್ ಮ್ಯಾಥ್ಯೂಸ್ ಅವರ ನೇತೃತ್ವದಲ್ಲಿ ಮರುಹುಟ್ಟು ಪಡೆದು, 1944ರ ಹೊತ್ತಿಗೆ 74,000 ದಾಟಿತು. ಅವರಲ್ಲಿ 1,676 ಮಂದಿ ಯುದ್ಧದ ಕೊನೆಯ ಹೊತ್ತಿಗೆ 'ಬಾಂಬ್' ಎಂದೇ ಕರೆಯುತ್ತಿದ್ದ 200ಕ್ಕೂ ಹೆಚ್ಚು ಯಂತ್ರಗಳ ಮುಂದೆ ನಿಂತಿದ್ದರು. ಏಳು ಅಡಿ ಅಗಲ, ಆರೂವರೆ ಅಡಿ ಎತ್ತರ, ಒಂದು ಟನ್ ತೂಕ. ಮುಂದೆ 108 ಉರುಳೆಗಳು, ಒಂದೊಂದರ ಬೆನ್ನಿಗೂ 104 ಪುಟ್ಟ ತಂತಿ ಬ್ರಶ್ಶುಗಳು. ಗುಣಿಸಿ ನೋಡಿ: ಒಂದೇ ಯಂತ್ರದಲ್ಲಿ 11,232 ಬ್ರಶ್ಶು. ಒಂದರ ಎಳೆ ಪಕ್ಕದ್ದಕ್ಕೆ ತಾಗಿದರೂ ಶಾರ್ಟ್ ಆಗಿ ಉತ್ತರ ಕೈತಪ್ಪಬಹುದು. ಅದಕ್ಕೇ ಈ ಹುಡುಗಿಯರು ಚಿಮಟ ಹಿಡಿದು ಒಂದೊಂದು ಎಳೆಯನ್ನೂ ನೇರ ಮಾಡುತ್ತಿದ್ದರು. ಎಂಟೆಂಟು ಗಂಟೆಯ ಪಾಳಿ, ಹಗಲೂ ರಾತ್ರಿ, ಎಣ್ಣೆಯ ವಾಸನೆ, ಕಿವಿಗಡಚಿಕ್ಕುವ ಸದ್ದು. ಯಂತ್ರ ನಿಂತಾಗ ತೋರಿದ ಅಕ್ಷರಗಳನ್ನು ಬರೆದುಕೊಂಡು ತಿಳಿಸುವುದು, ಮತ್ತೆ ಉರುಳೆ ಬದಲಿಸುವುದು. ಒಡೆದ ಸಂದೇಶದಲ್ಲಿ ಏನಿತ್ತೆಂದು ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಪಣಕ್ಕಿದ್ದದ್ದೇನು? 1941ರ ಆಗಸ್ಟಿನಲ್ಲಿ ಜಿಬ್ರಾಲ್ಟರ್‌ಗೆ ಹೊರಟಿದ್ದ 'ಅಗೀಲಾ' ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಅದರಲ್ಲಿದ್ದ 21 ರೆನ್‌ಗಳಲ್ಲಿ ಒಬ್ಬರೂ ಬದುಕಲಿಲ್ಲ. ಗೂಢಲಿಪಿ, ವೈರ್‌ಲೆಸ್ ಕೆಲಸಕ್ಕೆಂದು ಹೊರಟವರು ಅವರು. ಅಂಥ ಜಲಾಂತರ್ಗಾಮಿಗಳಿಗೆ ಆದೇಶ ಹೋಗುತ್ತಿದ್ದದ್ದು ಎನಿಗ್ಮಾದಲ್ಲೇ.

ಯುದ್ಧ ಮುಗಿದಾಗ ಬಹುತೇಕ ಯಂತ್ರಗಳನ್ನು ಕಳಚಿಹಾಕಲಾಯಿತು. ಸ್ಕ್ರೂಡ್ರೈವರ್ ಹಿಡಿದು ಕಳಚಿದವರಲ್ಲಿ ಅವನ್ನು ನಡೆಸಿದ ರೆನ್‌ಗಳೇ ಇದ್ದರು. ಮನೆಗೆ ಮರಳಿದ ಮೇಲೆ ಹೆತ್ತವರಿಗೂ ಗಂಡನಿಗೂ ಏನನ್ನೂ ಹೇಳುವಂತಿರಲಿಲ್ಲ. 1974ರಲ್ಲಿ ಪುಸ್ತಕವೊಂದು ಗುಟ್ಟನ್ನು ಬಯಲಿಗಿಡುವವರೆಗೆ 29 ವರ್ಷ. ನನ್ನನ್ನು ಬೆರಗುಗೊಳಿಸುವುದು ಮೊದಲಿನ ಆ ದೈತ್ಯ ಸಂಖ್ಯೆಗಿಂತ ಈ ಗುಣಾಕಾರ: 1,676 ಜನ, ತಲಾ 29 ವರ್ಷ. ಒಟ್ಟು 48,604 ವರ್ಷಗಳ ಮೌನ. ಆ ನಡುವೆ ತೀರಿಕೊಂಡವರು ಹೇಳದೆಯೇ ಹೋದರು. ಎನಿಗ್ಮಾ ಕಥೆಯನ್ನು ಮಕ್ಕಳಿಗೆ ಹೇಳುವಾಗ ಟ್ಯೂರಿಂಗ್ ಹೆಸರಿಗೆ ನಿಲ್ಲಿಸಬೇಡಿ. ಚಿಮಟ ಹಿಡಿದವರನ್ನೂ ಹೇಳಿ.