ಮುಂಡಗೋಡದ ಟಿಬೆಟಿಯನ್ ತಾಯಂದಿರು

ನೆಲವನ್ನು ಕಳೆದುಕೊಂಡ ಜನಾಂಗವೊಂದು ತನ್ನತನವನ್ನು ಎಷ್ಟು ಕಾಲ ಉಳಿಸಿಕೊಳ್ಳಬಲ್ಲದು? ಅರಸನಿಲ್ಲ, ಸೈನ್ಯವಿಲ್ಲ, ಹಿರಿಯರು ಪೂಜಿಸಿದ ಗುಡಿಯಿಲ್ಲ, ಹುಟ್ಟಿದ ಊರಿನ ನೀರಿಲ್ಲ. ಇಷ್ಟೆಲ್ಲ ಇಲ್ಲದಾಗ ಉಳಿಯುವುದು ಯಾವುದು, ಅದನ್ನು ಉಳಿಸುವವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವ ಮೊದಲು ನಮ್ಮ ಸಮೀಪದಲ್ಲಿಯೇ ಇರುವ ಮುಂಡಗೋಡದತ್ತ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯನ್ನು ನೆಲೆ ತಪ್ಪಿ ಬಂದವರ ನಾಡೆಂದು ಕರೆದರೆ ತಪ್ಪಾಗಲಾರದು. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ದಾಸರನ್ನಾಗಿ ತಂದ ಜನರಲ್ಲಿ ತಪ್ಪಿಸಿಕೊಂಡು ಬಂದವರು ಈ ಅಡವಿಯನ್ನು ಸೇರಿಕೊಂಡರು. ಅವರ ಸಂತತಿಯೇ ಇಂದಿನ ಸಿದ್ದಿಗಳು. ಎಮ್ಮೆಗಳನ್ನು ಹೊಡೆದುಕೊಂಡು ಮಹಾರಾಷ್ಟ್ರದ ಕಡೆಯಿಂದ ಬಂದ ಗೌಳಿಗರು ಇಲ್ಲಿಯೇ ದಡ್ಡಿಗಳನ್ನು ಕಟ್ಟಿಕೊಂಡರು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ನೀರಿನಲ್ಲಿ ಮುಳುಗಿ, ಅಲ್ಲಿಯ ಜನರು ರಾಮನಗರದಲ್ಲಿ ಮತ್ತೆ ಒಲೆ ಹೂಡಬೇಕಾಯಿತು. ದಾಂಡೇಲಿಯ ಕಾಗದದ ಕಾರ್ಖಾನೆಯು ಹತ್ತು ಕಡೆಯ ದುಡಿಯುವ ಜನರನ್ನು ಒಂದು ಊರಾಗಿ ಮಾಡಿತು. ಇಂತಹ ಸೀಮೆಗೆ ಹಿಮಾಲಯದ ಆಚೆಯ ಜನರೂ ಬಂದು ಸೇರಿದ್ದು 1966ರಲ್ಲಿ.

ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು. ಟಿಬೆಟಿನ ನಿರಾಶ್ರಿತರಿಗೆ ಭೂಮಿಯನ್ನಿತ್ತ ಅವರ ಔದಾರ್ಯವನ್ನು ಪೂಜ್ಯ ದಲೈ ಲಾಮಾ ಅವರು ಕನ್ನಡನಾಡಿಗೆ ಬಂದಾಗಲೆಲ್ಲ ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿದ್ದಾರೆ. ಬೈಲುಕುಪ್ಪೆಯಲ್ಲಿ 1960ರಲ್ಲಿಯೇ ಮೊದಲ ವಸಾಹತು ಆರಂಭವಾಗಿತ್ತು. ಮುಂಡಗೋಡದ ವಸಾಹತಿಗೆ ಅವರ ಭಾಷೆಯಲ್ಲಿ ದೋಗುಲಿಂಗ್ ಎಂದು ಹೆಸರು. ನಮ್ಮ ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ 'ಟಿಬೆಟಿಯನ್ ಕ್ಯಾಂಪು'. ಸುಮಾರು 4,000 ಎಕರೆ ಕಾಡನ್ನು ಕಡಿದು, ಬೊಡ್ಡೆಗಳನ್ನು ಕಿತ್ತು, ಆನೆ ಹಾವುಗಳ ಭಯದ ನಡುವೆ ಅವರು ಜೋಳ, ಭತ್ತ ಬೆಳೆಯಲು ಕಲಿತರು. ಹಿಮದ ನಾಡಿನವರಿಗೆ ನಮ್ಮ ಏಪ್ರಿಲ್ ತಿಂಗಳ ಬಿಸಿಲು ಎಷ್ಟು ಕ್ರೂರವಾಗಿದ್ದೀತೆಂಬುದನ್ನು ಓದುಗರೇ ಊಹಿಸಬಹುದು. ಅದಕ್ಕೂ ಮೊದಲು ಅವರಲ್ಲಿ ಅನೇಕರು ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕಡಿಯುವ ಕೂಲಿ ಮಾಡಿದವರು. ಹೆಂಗಸರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಕಲ್ಲು ಒಡೆದವರು.

ಮುಂಡಗೋಡಕ್ಕೆ ಹೋಗುವ ಪ್ರವಾಸಿಗರು ಡ್ರೆಪುಂಗ್ ಮತ್ತು ಗಾಂದೆನ್ ಮಹಾಮಠಗಳನ್ನು ಕಂಡು ಬೆರಗಾಗುತ್ತಾರೆ. ಅದು ಸಹಜ. ಟಿಬೆಟಿನಲ್ಲಿ 1416ರಲ್ಲಿಯೂ 1409ರಲ್ಲಿಯೂ ಸ್ಥಾಪನೆಗೊಂಡ ಆ ವಿದ್ಯಾಪೀಠಗಳು ಕನ್ನಡದ ನೆಲದಲ್ಲಿ ಮರುಹುಟ್ಟು ಪಡೆದಿರುವುದು ಸಣ್ಣ ಸಂಗತಿಯಲ್ಲ. ಮಠದಲ್ಲಿ ಬೆಳೆದ ನಮಗೂ ಅಲ್ಲಿಯ ಪಾಠಕ್ರಮ, ವಾದವಿದ್ಯೆ, ಗುರುಶಿಷ್ಯರ ಶಿಸ್ತು ಆಪ್ತವೆನಿಸುತ್ತವೆ. ಆದರೆ ಮಠಗಳನ್ನು ನೋಡಿ ಹಿಂದಿರುಗುವವರು ಕ್ಯಾಂಪುಗಳ ಸಾಲುಮನೆಗಳನ್ನು ನೋಡುವುದಿಲ್ಲ. ಮಠಕ್ಕೆ ಮರಿಗಳನ್ನು ಕೊಟ್ಟವರು, ಹಬ್ಬದ ದಿನ ಸಾವಿರಾರು ಜನರಿಗೆ ಚಹಾ, ರೊಟ್ಟಿ ಮಾಡಿ ಬಡಿಸಿದವರು, ಮಕ್ಕಳ ನಾಲಿಗೆಯ ಮೇಲೆ ಟಿಬೆಟಿ ಮಾತನ್ನು ಉಳಿಸಿದವರು ಆ ಮನೆಗಳ ಒಡತಿಯರು. ಅವರಿಗೊಂದು ಸಂಘವಿದೆ, ಅದಕ್ಕೊಂದು ಚರಿತ್ರೆಯೂ ಇದೆ.

1959ರ ಮಾರ್ಚ್ 12ರಂದು ಲಾಸಾ ನಗರದಲ್ಲಿ ಪೊಟಾಲಾ ಅರಮನೆಯ ಎದುರಿಗೆ ಸಾವಿರಾರು ಹೆಂಗಸರು ನೆರೆದರು. ಚೀನೀ ಸೈನ್ಯವು ನಗರವನ್ನು ಬಿಗಿಹಿಡಿದಿದ್ದ ಕಾಲವದು. ಗೃಹಿಣಿಯರು, ವ್ಯಾಪಾರದ ಹೆಂಗಸರು, ಸನ್ಯಾಸಿನಿಯರು ಬರಿಗೈಯಲ್ಲಿ ನಿಂತು ತಮ್ಮ ನಾಡು ತಮ್ಮದೆಂದು ಸಾರಿದರು. ಐದು ದಿನಗಳ ಬಳಿಕ ದಲೈ ಲಾಮಾ ಅವರು ರಾತ್ರಿವೇಳೆ ವೇಷ ಮರೆಸಿಕೊಂಡು ಲಾಸಾವನ್ನು ಬಿಟ್ಟು ಭಾರತದತ್ತ ಹೊರಟರು. ಹಿಂದೆ ಉಳಿದ ಆ ಹೆಂಗಸರಲ್ಲಿ ಅನೇಕರು ಸೆರೆಮನೆ ಸೇರಿದರು, ಕೆಲವರು ಪ್ರಾಣವನ್ನೇ ತೆತ್ತರು. ಆ ದಿನದ ನೆನಪಿನಲ್ಲಿಯೇ 1984ರಲ್ಲಿ ಭಾರತದಲ್ಲಿ ಟಿಬೆಟಿಯನ್ ಮಹಿಳಾ ಸಂಘವು ಪುನಃ ಸ್ಥಾಪಿತವಾಯಿತು. ಧರ್ಮಶಾಲೆಯಲ್ಲಿ ಅದರ ಕೇಂದ್ರ. ಮುಂಡಗೋಡವೂ ಸೇರಿ ವಸಾಹತುಗಳಲ್ಲೆಲ್ಲ ಅದರ ಶಾಖೆಗಳು. ಪ್ರತಿವರ್ಷ ಮಾರ್ಚ್ 12ನ್ನು ಅವರು ಆಚರಿಸುತ್ತಾರೆ. 1995ರಲ್ಲಿ ಚೀನಾ ದೇಶದಲ್ಲಿಯೇ ವಿಶ್ವ ಮಹಿಳಾ ಸಮ್ಮೇಳನ ನಡೆದಾಗ ದೇಶಭ್ರಷ್ಟ ಟಿಬೆಟಿಯನ್ ಹೆಂಗಸರು ಅಲ್ಲಿಗೆ ಹೋಗಿ, ಬಾಯಿಗೆ ವಸ್ತ್ರ ಕಟ್ಟಿಕೊಂಡು ಮೌನವಾಗಿ ನಿಂತರು. ಮಾತಿಗಿಂತ ಆ ಮೌನವೇ ಲೋಕಕ್ಕೆ ಹೆಚ್ಚು ಕೇಳಿಸಿತು.

ಆದರೆ ವರ್ಷದ ಉಳಿದ ದಿನಗಳಲ್ಲಿ ಈ ಸಂಘದ ಕೆಲಸ ಮೆರವಣಿಗೆಯದಲ್ಲ, ಮನೆಗೆಲಸದ ಮುಂದುವರಿಕೆಯಂಥದು. ಮಕ್ಕಳಿಲ್ಲದ ಮುದುಕರನ್ನು ಹೋಗಿ ನೋಡುವುದು, ಬಡ ವಿದ್ಯಾರ್ಥಿಗೆ ಪೋಷಕರನ್ನು ಹುಡುಕಿಕೊಡುವುದು, ಕೇರಿಯ ಕಸ ತೆಗೆಯುವುದು, ಗಂಡನ ಕುಡಿತದಿಂದ ನೊಂದ ಹೆಣ್ಣಿನ ಪಕ್ಕದಲ್ಲಿ ಕುಳಿತುಕೊಳ್ಳುವುದು. ಧರ್ಮಶಾಲೆಯ ಕೇಂದ್ರವು 1995ರಲ್ಲಿ ಹೊಲಿಗೆಯ ತರಬೇತಿ ಶಾಲೆಯೊಂದನ್ನು ತೆರೆದು, ಟಿಬೆಟಿನಿಂದ ಹೊಸದಾಗಿ ಬಂದ ನಿರ್ಗತಿಕ ಹೆಣ್ಣುಮಕ್ಕಳ ಕೈಗೆ ಉದ್ಯೋಗವನ್ನಿತ್ತಿತು. ಕ್ಷಯರೋಗವು ಈ ಜನರನ್ನು ಬಹುಕಾಲದಿಂದ ಕಾಡುತ್ತ ಬಂದಿದೆ. ಮಕ್ಕಳೂ ಮರಿಭಿಕ್ಷುಗಳೂ ಒಂದೇ ಕೋಣೆಯಲ್ಲಿ ಹಲವರು ಮಲಗುವ ವಸತಿಗಳಲ್ಲಿ ಅದು ಬೇಗ ಹರಡುತ್ತದೆ. ತಿಂಗಳುಗಟ್ಟಲೆ ಮಾತ್ರೆಯನ್ನು ತಪ್ಪದೆ ನುಂಗಿಸುವ ಕೆಲಸ ವೈದ್ಯರಿಂದ ಆಗುವಂಥದಲ್ಲ, ತಾಯಿಯಿಂದ ಆಗುವಂಥದು. ವಸಾಹತಿನ ಆಸ್ಪತ್ರೆಯ ಬಾಗಿಲು ಸುತ್ತಲಿನ ಹಳ್ಳಿಗಳ ನಮ್ಮ ಜನರಿಗೂ ತೆರೆದಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಈ ಎಲ್ಲ ಸೇವೆಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಸೆಳೆದದ್ದು ಸನ್ಯಾಸಿನಿಯರ ವಿದ್ಯಾಭ್ಯಾಸದ ಕಾರ್ಯ. ಹಳೆಯ ಟಿಬೆಟಿನಲ್ಲಿ ಸನ್ಯಾಸಿನಿಯರ ಆಶ್ರಮಗಳು ನೂರಾರು ಇದ್ದರೂ ಅಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಪಾರಾಯಣ ಮತ್ತು ಪೂಜೆ. ತರ್ಕ, ತತ್ತ್ವಶಾಸ್ತ್ರ, ಎದುರುಬದುರು ನಿಂತು ಮಾಡುವ ಶಾಸ್ತ್ರವಾದ ಇವೆಲ್ಲ ಗಂಡಸರ ಸ್ವತ್ತಾಗಿದ್ದವು. ದೇಶಭ್ರಷ್ಟರಾಗಿ ಬಂದ ಮೇಲೂ ಮೊದಮೊದಲು ಭಿಕ್ಷುಗಳ ಮಠಗಳೇ ಎದ್ದವು, ಸನ್ಯಾಸಿನಿಯರು ಮೂಲೆಯಲ್ಲಿಯೇ ಉಳಿದರು. 1987ರಲ್ಲಿ ಮುಂಡಗೋಡದಲ್ಲಿ ಜಾಂಗ್‌ಚುಬ್ ಚೋಲಿಂಗ್ ಎಂಬ ಸನ್ಯಾಸಿನಿಯರ ಮಠ ಆರಂಭವಾಯಿತು. ಮಹಿಳಾ ಸಂಘದ ಹೆಂಗಸರ ಶ್ರಮ ಅದರ ಹಿಂದಿತ್ತು. ಅದೇ ವರ್ಷ, ಸಂಘದ ಅಧ್ಯಕ್ಷೆಯಾಗಿದ್ದ ರಿಂಚೆನ್ ಖಾಂಡೊ ಚೋಗ್ಯಾಲ್ ಅವರ ಮುಂದಾಳುತನದಲ್ಲಿ ಧರ್ಮಶಾಲೆಯಲ್ಲಿ ಸನ್ಯಾಸಿನಿಯರ ನೆರವಿಗಾಗಿಯೇ ಒಂದು ಯೋಜನೆ ರೂಪುಗೊಂಡಿತು. ಆ ಬಳಿಕದ ವರ್ಷಗಳಲ್ಲಿ ಹಿಮಗಡ್ಡೆಯ ಕಣಿವೆಗಳನ್ನು ನಡೆದು ದಾಟಿ ಬಂದ ಸನ್ಯಾಸಿನಿಯರಲ್ಲಿ ಎಷ್ಟೋ ಜನರಿಗೆ ತಮ್ಮ ಹೆಸರನ್ನು ಬರೆಯಲು ಬರುತ್ತಿರಲಿಲ್ಲ.

ಅಕ್ಷರದಿಂದ ಆರಂಭವಾದ ಆ ಪಾಠ ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿರಿ. ಭಿಕ್ಷುಗಳು ಹದಿನೇಳು ವರ್ಷಗಳಿಗೂ ಮೀರಿ ಓದಿ ಪಡೆಯುವ ಅತ್ಯುನ್ನತ ಪದವಿಗೆ 'ಗೆಶೆ' ಎಂದು ಹೆಸರು. ಹೆಣ್ಣಿಗೆ ಆ ಪದವಿ ಸಲ್ಲುವುದಿಲ್ಲವೆಂಬುದು ಶತಮಾನಗಳ ರೂಢಿ. 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ಮಠದ ಅಂಗಳದಲ್ಲಿಯೇ, ದಲೈ ಲಾಮಾ ಅವರ ಕೈಯಿಂದ 20 ಜನ ಟಿಬೆಟಿಯನ್ ಸನ್ಯಾಸಿನಿಯರು 'ಗೆಶೆಮಾ' ಪದವಿಯನ್ನು ಸ್ವೀಕರಿಸಿದರು. ಆ ಮಹಾಮಠಕ್ಕೆ ಆರುನೂರು ವರ್ಷ ತುಂಬಿದ ಸಂದರ್ಭವದು. ಹೆಣ್ಣಿಗೆ ಅನುಭಾವದ ಸಭೆಯಲ್ಲಿ ಸರಿಸಮನಾದ ಪೀಠವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಂಡಿದ್ದ ಕನ್ನಡದ ಮಣ್ಣಿನ ಮೇಲೆ ಇದು ನಡೆಯಿತೆಂಬುದು ನಮಗೆ ಸಂತೋಷ ತಂದಿತು. ನಮ್ಮ ಮಠಗಳ ಪಾಠಶಾಲೆಗಳಲ್ಲಿ ಇಂದು ಎಷ್ಟು ಹೆಣ್ಣುಮಕ್ಕಳು ಶಾಸ್ತ್ರಾಧ್ಯಯನ ಮಾಡುತ್ತಿದ್ದಾರೆಂದು ಕೇಳಿಕೊಂಡಾಗ ಆ ಸಂತೋಷ ಸ್ವಲ್ಪ ತಗ್ಗಿತೆಂಬುದೂ ನಿಜ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಹೀಗೆ ಎಷ್ಟು ಕಾಲ? ಈ ಚಿಂತೆ ದಲೈ ಲಾಮಾ ಅವರನ್ನೂ ಕಾಡಿದ್ದುಂಟು. 1990ರ ಅಕ್ಟೋಬರ್ ತಿಂಗಳಲ್ಲಿ ಅವರು ಯೆಹೂದ್ಯ ಧರ್ಮಗುರುಗಳನ್ನೂ ವಿದ್ವಾಂಸರನ್ನೂ ಧರ್ಮಶಾಲೆಗೆ ಬರಮಾಡಿಕೊಂಡರು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದ ಮೇಲೆ ಯೆಹೂದ್ಯರು ಲೋಕವೆಲ್ಲ ಚದುರಿಹೋದರು. ಸುಮಾರು ಎರಡು ಸಾವಿರ ವರ್ಷ ಪರರ ನಾಡುಗಳಲ್ಲಿ ಬಾಳಿದರೂ ತಮ್ಮ ಧರ್ಮವನ್ನು ಬಿಡಲಿಲ್ಲ. ಅದರ ಗುಟ್ಟನ್ನು ತಮ್ಮ ಜನರಿಗೂ ತಿಳಿಸಿಕೊಡಬೇಕೆಂಬುದು ದಲೈ ಲಾಮಾ ಅವರ ಕೋರಿಕೆಯಾಗಿತ್ತು. ಬಂದವರಲ್ಲಿ ಬ್ಲೂ ಗ್ರೀನ್‌ಬರ್ಗ್ ಎಂಬ ವಿದುಷಿಯೊಬ್ಬರಿದ್ದರು. ಅವರು ಮಾತನಾಡಿದ್ದು ಮನೆಯ ಕುರಿತು. ದೇವಾಲಯ ನಾಶವಾದ ಮೇಲೆ ಯೆಹೂದ್ಯರಿಗೆ ಊಟದ ಮೇಜೇ ವೇದಿಕೆಯಾಯಿತು. ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಮನೆಯೊಡತಿಯು ದೀಪ ಹಚ್ಚಿದಳೆಂದರೆ ಆ ಮನೆಗೆ ಸಬ್ಬತ್ ದಿನದ ಪಾವಿತ್ರ್ಯ ಬಂದಂತೆ.

ಯೆಹೂದ್ಯರೆಂದರೆ ದೂರದವರೆಂದು ನಮ್ಮ ಓದುಗರು ಭಾವಿಸಬೇಕಿಲ್ಲ. ನಮ್ಮ ಕಾರವಾರದಿಂದ ಉತ್ತರಕ್ಕೆ ಅದೇ ಕಡಲತೀರವನ್ನು ಹಿಡಿದು ಹೋದರೆ ಅಲಿಬಾಗಿನ ಸುತ್ತಲಿನ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಶತಮಾನಗಳ ಕಾಲ ಗಾಣದ ಕಾಯಕ ಮಾಡಿಕೊಂಡಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಮರಾಠಿ ಮಾತಾಡುತ್ತ, ಸೀರೆ ಉಡುತ್ತ, ಸುತ್ತಲಿನವರೊಡನೆ ಬೆರೆತಿದ್ದರೂ ವಾರದ ಆ ಒಂದು ದಿನವನ್ನು ಅವರು ಕೈಬಿಡಲಿಲ್ಲ. ಅವರ ಹೆಂಗಸರು 1913ರಲ್ಲಿ ಮುಂಬಯಿಯಲ್ಲಿ ತಮ್ಮದೇ ಸ್ತ್ರೀ ಮಂಡಳವನ್ನು ಸ್ಥಾಪಿಸಿಕೊಂಡರು.

ಅದಕ್ಕೆ ಒಂದು ವರ್ಷ ಮೊದಲು, 1912ರಲ್ಲಿ, ಅಮೇರಿಕದಲ್ಲಿ ಹೆನ್ರಿಯೆಟ್ಟಾ ಸೋಲ್ಡ್ ಎಂಬ ಧರ್ಮಗುರುವಿನ ಮಗಳು 'ಹದಸ್ಸಾ' ಎಂಬ ಸ್ತ್ರೀಸಂಘವನ್ನು ಕಟ್ಟಿದ್ದಳು. 1909ರಲ್ಲಿ ತಾಯಿಯೊಡನೆ ಪ್ಯಾಲೆಸ್ತೀನಿಗೆ ಹೋಗಿದ್ದಾಗ ಕಣ್ಣುಬೇನೆಯಿಂದ ನರಳುತ್ತಿದ್ದ ಮಕ್ಕಳ ಮುಖದ ಮೇಲೆ ನೊಣ ಮುತ್ತಿದ್ದುದನ್ನು ಆಕೆ ಕಂಡಳು. ಬರಿಯ ಚರ್ಚೆ ಮಾಡುವುದನ್ನು ಬಿಟ್ಟು ಇದಕ್ಕೇನಾದರೂ ಮಾಡಬಾರದೇ ಎಂದು ತಾಯಿಯು ಮಗಳಿಗೆ ಹೇಳಿದಳಂತೆ. 1913ರಲ್ಲಿ ಆ ಸಂಘವು ಇಬ್ಬರು ದಾದಿಯರನ್ನು ಜೆರುಸಲೇಮಿಗೆ ಕಳುಹಿಸಿತು. ಬಾಣಂತಿಯರ ಆರೈಕೆ, ಮಕ್ಕಳ ಕಣ್ಣಿನ ಮದ್ದು, ಕೂಸುಗಳಿಗೆ ಹಾಲು ಹಂಚುವಿಕೆ ಹೀಗೆ ಕೆಲಸ ಬೆಳೆಯಿತು. ಇಂದು ಆ ಹೆಸರಿನ ದೊಡ್ಡ ಆಸ್ಪತ್ರೆಯೇ ಅಲ್ಲಿದೆ. ಇಷ್ಟೆಲ್ಲ ಹಣ ಕೂಡಿದ್ದು ಬಹುಮಟ್ಟಿಗೆ ಗೃಹಿಣಿಯರ ಕೈಯಿಂದ. ಯೆಹೂದ್ಯರ ಮನೆಗಳಲ್ಲಿ ದಾನದ ಡಬ್ಬಿಯೊಂದನ್ನು ಇಟ್ಟು, ಸಬ್ಬತ್ ದೀಪವನ್ನು ಹಚ್ಚುವ ಮೊದಲು ಹೆಂಗಸರು ಅದರಲ್ಲಿ ನಾಣ್ಯ ಹಾಕುವ ವಾಡಿಕೆಯುಂಟು. ದಾನಕ್ಕೆ ಅವರ ಹೀಬ್ರೂ ಭಾಷೆಯಲ್ಲಿ 'ತ್ಸೆದಾಕಾ' ಎನ್ನುತ್ತಾರೆ. ಆ ಶಬ್ದದ ಮೂಲಾರ್ಥ ನ್ಯಾಯ. ಕೊಡುವುದು ಕರುಣೆಯಿಂದಲ್ಲ, ಅದು ಪಡೆಯುವವನ ಹಕ್ಕು ಎಂಬ ಭಾವ. ದಾಸೋಹವೆಂಬ ಮಾತನ್ನು ಬಲ್ಲ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿಬೆಟಿಯನ್ನರು ಈ ಪಾಠವನ್ನು ಕೇಳಿ ಕಲಿತರೋ, ಕಷ್ಟದಿಂದ ತಾವೇ ಕಂಡುಕೊಂಡರೋ, ಫಲ ಮಾತ್ರ ಒಂದೇ ಬಗೆಯದು. 2008ರ ಈಚೆಗೆ ಅವರಲ್ಲಿ 'ಲ್ಹಕರ್' ಎಂಬ ಬುಧವಾರದ ನೇಮವೊಂದು ಹಬ್ಬಿತು. ಅಂದು ಚುಪಾ ಎಂಬ ತಮ್ಮ ಉಡುಪನ್ನೇ ತೊಡುವುದು, ಟಿಬೆಟಿ ಮಾತನ್ನೇ ಆಡುವುದು, ತಮ್ಮ ಅಡುಗೆಯನ್ನೇ ಉಣ್ಣುವುದು. ಶನಿವಾರ ತೇಲಿಗಳ ಶನಿವಾರವಿದ್ದಂತೆ ಇವರಿಗೆ ಬುಧವಾರ. ಮುತ್ತೈದೆಯರು ಚುಪಾದ ಮೇಲೆ ಕಟ್ಟುವ ಬಣ್ಣಬಣ್ಣದ ಪಟ್ಟೆಗಳ ಪಂಗ್ದೆನ್ ವಸ್ತ್ರವನ್ನು ಮುಂಡಗೋಡದ ಪೇಟೆಯಲ್ಲಿ ಎಲ್ಲರೂ ಕಂಡವರೇ.

ಆದರೆ ಯೆಹೂದ್ಯರಿಗೆ ಇಲ್ಲದಿದ್ದ ಹೊಸ ಕಷ್ಟವೊಂದು ಇವರಿಗೆ ಎದುರಾಗಿದೆಯೇನೋ ಎಂದು ನಮಗೆ ಅನಿಸುವುದುಂಟು. ಹೊಲದ ಆದಾಯ ಸಾಲದೆ ಇಲ್ಲಿಯ ಕುಟುಂಬಗಳು ಬಹುಕಾಲದಿಂದ ಚಳಿಗಾಲದ ಸ್ವೆಟರ್ ವ್ಯಾಪಾರವನ್ನು ನಂಬಿವೆ. ಲುಧಿಯಾನದಿಂದ ಮಾಲು ತಂದು ಊರೂರಿನ ರಸ್ತೆಬದಿಯಲ್ಲಿ ಮಾರುವ ಟಿಬೆಟಿಯನ್ ಹೆಂಗಸರನ್ನು ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಯಾರು ನೋಡಿಲ್ಲ? ಆ ನಾಲ್ಕು ತಿಂಗಳು ಮಕ್ಕಳು ಅಜ್ಜಿಯ ಮಡಿಲಲ್ಲಿಯೋ ಶಾಲೆಯ ವಸತಿಗೃಹದಲ್ಲಿಯೋ ಬೆಳೆಯುತ್ತಿದ್ದರು. ಈಗ ಹೋದವರು ನಾಲ್ಕು ತಿಂಗಳಿಗೆ ಮರಳುವುದಿಲ್ಲ. ಕಲಿತ ಯುವಕ ಯುವತಿಯರು ಬೆಂಗಳೂರಿಗೆ, ಅಲ್ಲಿಂದ ಯುರೋಪಿಗೆ, ಅಮೇರಿಕಕ್ಕೆ, ಕೆನಡಾಕ್ಕೆ ನಡೆದಿದ್ದಾರೆ. 2009ರ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು 94,203 ಜನ. ಆ ಬಳಿಕ ಸಂಖ್ಯೆ ಇಳಿಯುತ್ತಲೇ ಬಂದಿದೆ. ಟಿಬೆಟಿನಿಂದ ಹೊಸಬರು ಬರುವುದೂ 2008ರ ನಂತರ ಬಹುತೇಕ ನಿಂತಿತು. ಹೆತ್ತವರ ಮನೆಗಳಲ್ಲಿ ಹೊಸ ಗಾರೆ, ಹೊಸ ಟಿ.ವಿ. ಬಂದಿವೆ, ಅಂಗಳದಲ್ಲಿ ಆಡುವ ಕೂಸುಗಳಿಲ್ಲ. ವಸಾಹತಿನ ವೃದ್ಧಾಶ್ರಮದಲ್ಲಿ ಜಪಚಕ್ರ ತಿರುಗಿಸುತ್ತ ಕುಳಿತವರನ್ನು ನೋಡಲು ಹೋಗುವ ಸಂಘದ ಹೆಂಗಸರಿಗೂ ವಯಸ್ಸಾಗುತ್ತಿದೆ. ತಾವು ಮುದುಕರಾದಾಗ ನೋಡಲು ಬರುವವರಾರೆಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಇಲ್ಲದೆ ಇರುತ್ತದೆಯೇ? ಧಾರವಾಡ, ಹಾವೇರಿ ಸೀಮೆಯ ನಮ್ಮ ಅನೇಕ ಮನೆಗಳಲ್ಲಿಯೂ ಇದೇ ಪ್ರಶ್ನೆ ಇದೆಯಲ್ಲವೆ?

ಹೋದವರೂ ಬರಿಗೈಯಲ್ಲಿ ಹೋಗಿಲ್ಲವೆಂಬುದನ್ನು ಮಾತ್ರ ಹೇಳಬೇಕು. ನ್ಯೂಯಾರ್ಕ್, ಟೊರೊಂಟೊ ನಗರಗಳಲ್ಲಿ ಟಿಬೆಟಿಯನ್ ಮಹಿಳಾ ಸಂಘದ ಶಾಖೆಗಳು ಎದ್ದಿವೆ. ವಾರವೆಲ್ಲ ಪರರ ಮಕ್ಕಳನ್ನು ಆಡಿಸುವ, ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುವ ಕೆಲಸ ಮಾಡಿ ದಣಿದ ತಾಯಂದಿರು ಭಾನುವಾರ ತಮ್ಮ ಮಕ್ಕಳಿಗೆ ಚುಪಾ ತೊಡಿಸಿ ಟಿಬೆಟಿ ಅಕ್ಷರ ಕಲಿಸುವ ಶಾಲೆಗೆ ಕರೆದೊಯ್ಯುತ್ತಾರೆ. ಲೋಸರ್ ಹೊಸ ವರ್ಷದ ದಿನ ಆ ಮಕ್ಕಳು ಮುಂಡಗೋಡದ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡುತ್ತಾರೆ. ಅಜ್ಜಿಯ ಟಿಬೆಟಿ ಮಾತಿನ ನಡುವೆ ಬರುವ ಕನ್ನಡದ ಒಂದೆರಡು ಪದಗಳು ಮಾತ್ರ ಅವರಿಗೆ ಅರ್ಥವಾಗುವುದಿಲ್ಲ.